ಎರಡೇ ಎರಡು ಎರರ್

ಬಾಗಲಕೋಟೆಯ ನವನಗರದಲ್ಲಿ ನಮ್ಮದೊಂದು ಚಿಕ್ಕ ಫೋಟೋ ಸ್ಟುಡಿಯೋ. ಲಗ್ನದ ಸೀಸನ್‌ಗೆ ಮುಂಚೆ ಹೊಸ ಪಿಸಿ ಬೇಕಿತ್ತು. ಸಾಮಾನೆಲ್ಲ ಆನ್‌ಲೈನ್‌ನಲ್ಲಿ ತರಿಸಿದೆ. ಬೆಳಗಾವಿಯ ಗೆಳೆಯ ಬಂದು ಜೋಡಿಸಿಕೊಟ್ಟ. ಎಎಂಡಿ ಕಂಪನಿಯ ರೈಜನ್ 7000 ಸಾಲಿನ ಪ್ರೊಸೆಸರ್, 16 ಜಿಬಿಯ ಎರಡು ಡಿಡಿಆರ್5 ರ್‍ಯಾಮ್. ಡಬ್ಬಿ ಮೇಲೆ 6000 ಸ್ಪೀಡ್ ಅಂತ ದಪ್ಪಕ್ಷರ.

ಮೊದಲ ಸಲ ಆನ್ ಮಾಡಿದಾಗ ಐದಾರು ನಿಮಿಷ ಪರದೆ ಕಪ್ಪಗೇ ಇತ್ತು. ಹೋಯ್ತು ದುಡ್ಡು ಅಂದುಕೊಂಡೆ. ಡಿಡಿಆರ್5 ಹೊಸದಾಗಿ ಹಾಕಿದಾಗ ಮದರ್‌ಬೋರ್ಡಿಗೆ ಅದರ ಅಳತೆ ಹಿಡಿಯಲು ಅಷ್ಟು ಹೊತ್ತು ಬೇಕಂತೆ. ಅಲ್ಲಿಗೆ ಸುಮ್ನೆ ಇರಬೇಕಿತ್ತು. ಬೋರ್ಡ್ ಕಂಪನಿ ಪರೀಕ್ಷೆ ಮಾಡಿದ ರ್‍ಯಾಮ್‌ಗಳ ಪಟ್ಟಿ ತೆಗೆದು ನೋಡಿದೆ. ನಮ್ಮದು ಇರಲಿಲ್ಲ. ಮೇಲಾಗಿ ನಮ್ಮ ರ್‍ಯಾಮ್‌ನಲ್ಲಿದ್ದದ್ದು ಡಬ್ಬಿ ಮೇಲಿನ ಸ್ಪೀಡ್‌ಗೆ ಓಡಿಸುವ ಇಂಟೆಲ್‌ನ ಎಕ್ಸ್‌ಎಂಪಿ ಸೆಟ್ಟಿಂಗ್ ಮಾತ್ರ, ಎಎಂಡಿಯ ಎಕ್ಸ್‌ಪೋ ಅಲ್ಲ.

ಪಟ್ಟಿಯಲ್ಲಿ ಇಲ್ಲ ಅಂದ ಮಾತ್ರಕ್ಕೆ ವಾಪಸ್ ಮಾಡುವವನು ನಾನಲ್ಲ. ಇರೋಬರೋ ರ್‍ಯಾಮ್ ಎಲ್ಲ ಯಾವ ಕಂಪನಿಯೂ ಹಾಕಿ ನೋಡೋದಿಲ್ಲ. ಎಕ್ಸ್‌ಎಂಪಿಯವು ಎಎಂಡಿ ಬೋರ್ಡಿನಲ್ಲಿ ಎಷ್ಟೋ ಕಡೆ ಚೆನ್ನಾಗೇ ಓಡುತ್ತವೆ. ಆದರೆ ಪೆನ್‌ಡ್ರೈವ್‌ಗೆ ರ್‍ಯಾಮ್ ಪರೀಕ್ಷಿಸುವ ಸಾಫ್ಟ್‌ವೇರ್ ಮೆಮ್‌ಟೆಸ್ಟ್86 ಹಾಕಿ ರಾತ್ರಿಯಿಡೀ ಬಿಟ್ಟೆ. ಪುಕ್ಕಟೆ ಆವೃತ್ತಿ ನಾಲ್ಕು ಸುತ್ತು ಓಡುತ್ತದೆ. ಎರಡನೇ ಸುತ್ತಿನಲ್ಲಿ ಎರಡು ಎರರ್. ಬೋರ್ಡಿನ ಒಳಗಿನ ಸಾಫ್ಟ್‌ವೇರ್ ಬಯೋಸ್ ಅಪ್‌ಡೇಟ್ ಮಾಡಿದೆ, ಮತ್ತೆ ಬಂತು. ಒಂದೊಂದೇ ರ್‍ಯಾಮ್ ಕಡ್ಡಿ ಹಾಕಿದರೆ 6000ಕ್ಕೂ ಸುಮ್ಮನಿರುತ್ತವೆ, ಜೋಡಿ ಮಾಡಿದರೆ ಜಗಳ! ಎಕ್ಸ್‌ಎಂಪಿ ಬಂದ್ ಮಾಡಿ 4800ಕ್ಕೆ ಇಳಿಸಿದರೆ ಜೋಡಿಗೂ ಎರರ್ ಸೊನ್ನೆ.

"4800ಕ್ಕ ಇಟ್ಕೋರಿ ಅಣ್ಣಾ, ಏನೂ ಆಗೂದಿಲ್ಲ. ಈ ಪ್ರೊಸೆಸರಿಗೆ ಕಂಪನಿ ಹೇಳಿದ್ದ 5200 ಐತಿ" ಅಂದ ಗೆಳೆಯ. ಅವನ ಮಾತು ಖರೇನೇ. 6000 ಅನ್ನೋದು ಪ್ರೊಸೆಸರ್‌ಗೆ ಮಿತಿ ಮೀರಿದ ಓಟ. ಫೋಟೋಶಾಪ್‌ನಲ್ಲಿ ಆ ವ್ಯತ್ಯಾಸ ನನ್ನ ಕಣ್ಣಿಗೆ ಕಾಣುವುದೂ ಇಲ್ಲ. ಆಟ ಆಡೋ ಹುಡುಗರ ಪಿಸಿ ಆಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಆದರೆ ರ್‍ಯಾಮ್ ತಪ್ಪು ಮಾಡಿದರೆ ಪ್ರತಿ ಸಲ ಪಿಸಿ ನಿಂತು ನೀಲಿ ಪರದೆ ಬರುವುದಿಲ್ಲ ನೋಡಿ. ಕಾರ್ಡಿನಿಂದ ಕಾಪಿ ಆಗುವಾಗ ಒಂದು ಬಿಟ್ ತಿರುಗಿ ಸೊನ್ನೆ ಇದ್ದದ್ದು ಒಂದಾದರೂ ಸದ್ದಿಲ್ಲದೆ ಹಾಗೇ ಸೇವ್ ಆಗಬಹುದು. ಆಮೇಲೆ ತೆರೆದಾಗ ಅರ್ಧ ಫೋಟೋಗೆ ಬಣ್ಣದ ಪಟ್ಟಿ. ಅಕ್ಕಿಕಾಳು ಬೀಳುವ ಹೊತ್ತಿನ ಫೋಟೋ ಅದಾಗಿದ್ದರೆ? ಬೀಗರನ್ನು ಮತ್ತೆ ನಿಲ್ಲಿಸಿ ಅಕ್ಕಿಕಾಳು ಹಾಕಿಸೋಕಾಗುತ್ತಾ? 4800ರಲ್ಲಿ ಎರರ್ ಇಲ್ಲ, ಒಪ್ಪಿದೆ. ಆದರೆ ಬೇಸಿಗೆಯಲ್ಲಿ, ಎಸಿ ಇಲ್ಲದ ನಮ್ಮ ಕೋಣೆಯಲ್ಲಿ, ಪ್ರತಿ ಕಾಪಿಗೂ ನನಗೆ ಅನುಮಾನವೇ. 6000ಕ್ಕೆ ದುಡ್ಡು ಕೊಟ್ಟು ಅನುಮಾನ ಯಾಕೆ ಸಾಕಲಿ?

ವಾಪಸ್ ಮಾಡಲು ಮೂರು ದಿನ ಉಳಿದಿತ್ತು. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳ ಹಸಿವಿಗೆ ರ್‍ಯಾಮ್ ರೇಟ್ ಏರಿದ್ದು ಗೊತ್ತಲ್ವಾ? ಹೊಸದಕ್ಕೆ ಜಾಸ್ತಿ ಕೊಡಬೇಕು. ಮನೆಯವಳು ಲೆಕ್ಕ ಕೇಳಿ ಒಂದು ನೋಟ ನೋಡಿದಳು, ಅಷ್ಟೇ. ಆದರೂ ವಾಪಸ್ ಹಾಕಿದೆ. ಈ ಸಲ ಎಕ್ಸ್‌ಪೋ ಇರುವ, ಪಟ್ಟಿಯಲ್ಲೂ ಇರುವ ಜೋಡಿ ಆರ್ಡರ್ ಮಾಡಿದ್ದೇನೆ.

ಭಾನುವಾರ ಇಳಕಲ್‌ನಲ್ಲಿ ಒಂದು ಲಗ್ನ ಇದೆ. ಅಷ್ಟರಲ್ಲಿ ಅದು ಬರುವಂತಿಲ್ಲ. ಹಳೆಯ 8 ಜಿಬಿ ಮುದುಕನನ್ನೇ ಧೂಳು ಒರೆಸಿ ಟೇಬಲ್ ಮೇಲೆ ಇಟ್ಟಿದ್ದೇನೆ.