ರತ್ನಗಂಧಿಯ ಮೀಸೆ

ರತ್ನಗಂಧಿಗೆ ಗಂಧವಿರುವುದು ಹೆಸರಿನಲ್ಲಷ್ಟೇ. ಮೂಸಿದರೆ ಹೇಳಿಕೊಳ್ಳುವಂಥ ಪರಿಮಳವಿಲ್ಲ. ಹಾಗಾಗಿ ಮುಡಿಯುವವರು ಇದನ್ನು ಕೇಳುವುದಿಲ್ಲ. ಚಿಟ್ಟೆಗಳಿಗೆ ಆ ಕೆಂಪು-ಹಳದಿ ಕಂಡರೆ ಸಾಕು, ಬಿಸಿಲೇರುವ ಹೊತ್ತಿಗೆ ಹಾಜರ್.

ಹೂವಿಗೆ ಐದು ದಳ. ಒಂದು ಮಾತ್ರ ಸಣ್ಣದು, ಕೊಳವೆಯಂತೆ ಸುರುಳಿಕೊಂಡಿರುತ್ತದೆ; ಮಕರಂದಕ್ಕೆ ದಾರಿ ಅದೇ. ಹತ್ತು ಕೇಸರಗಳು ದಳಗಳನ್ನು ದಾಟಿ ಬಹು ಮುಂದಕ್ಕೆ ಚಾಚಿರುತ್ತವೆ, ಜಂಬದ ಮೀಸೆಯ ಹಾಗೆ. ಹಿಂದಿನ ರೆಕ್ಕೆಯಲ್ಲಿ ಬಿಳಿ ಚುಕ್ಕೆ ಸಾಲಿರುವ ದೊಡ್ಡ ಕಪ್ಪು ಚಿಟ್ಟೆಯನ್ನು ಗಮನಿಸಿ. ಅದಕ್ಕೆ ನೆಮ್ಮದಿಯಾಗಿ ಕೂತು ಕುಡಿದು ಗೊತ್ತಿಲ್ಲ, ರೆಕ್ಕೆ ಬಡಿಯುತ್ತಲೇ ಹೀರುತ್ತದೆ. ಆ ಗಡಿಬಿಡಿಯಲ್ಲಿ ಮೀಸೆ ರೆಕ್ಕೆಗೆ ಸವರಿ ಪರಾಗ ಅಂಟುತ್ತದೆ. ಮುಂದಿನ ಹೂವಿಗೆ ಸಾಗಾಟ ಪುಕ್ಕಟೆ.

ಬೀಜದ ಸಿಪ್ಪೆ ಮಹಾ ಗಟ್ಟಿ. ಹಾಗೇ ಊರಿದರೆ ನೀರೊಳಗಿಳಿಯದೆ ಸುಮ್ಮನೆ ಬಿದ್ದಿರುತ್ತದೆ. ಉಪ್ಪುಕಾಗದದಲ್ಲಿ ಒಂದು ಬದಿ ಉಜ್ಜಿ, ಉಗುರುಬೆಚ್ಚಗಿನ ನೀರಲ್ಲಿ ರಾತ್ರಿಯಿಡೀ ನೆನೆಸಿ, ಉಬ್ಬಿದ್ದನ್ನು ಅರ್ಧ ಇಂಚು ಆಳಕ್ಕೆ ಹಾಕಬೇಕು. ಕುಂಡವಾದರೆ 14 ಇಂಚಿಗೆ ಕಡಿಮೆ ಬೇಡ. ನೆಲದಲ್ಲಾದರೆ ಗಿಡದಿಂದ ಗಿಡಕ್ಕೆ 5 ಅಡಿ ಬಿಡಿ. ನೀರು ನಿಂತರೆ ಬೇರು ಕೊಳೆಯುತ್ತದೆ.

ದಿನಕ್ಕೆ 6 ಗಂಟೆ ಬಿಸಿಲು ಬೇಕೇ ಬೇಕು. ನೆರಳಲ್ಲಿಟ್ಟು, ಹೂ ಬಿಡಲಿಲ್ಲವೆಂದು ಯೂರಿಯಾ ಸುರಿದರೆ ಸೊಪ್ಪೇನೋ ಸೊಗಸಾಗಿ ಬರುತ್ತದೆ, ಹೂವಿಲ್ಲ. ಮೊಗ್ಗು ಕಟ್ಟುವುದು ಹೊಸ ಚಿಗುರಿನ ತುದಿಯಲ್ಲಿ. ಆದ್ದರಿಂದ ಚಳಿ ಕಳೆಯುತ್ತಲೇ ಗಿಡವನ್ನು ಎರಡು-ಮೂರಡಿಗೆ ಸವರಿ, ಬುಡಕ್ಕೆ ಎರಡು ಬೊಗಸೆ ಕೊಟ್ಟಿಗೆ ಗೊಬ್ಬರ ಕೊಡಿ. ಮುಳ್ಳಿದೆ, ಕೈ ಜೋಪಾನ. ಬೀಜ ಬೇಡವಾದರೆ ಕಾಯಿಗಳನ್ನು ಎಳೆಯದರಲ್ಲೇ ಚಿವುಟಿದರೆ ಹೂ ಮುಂದುವರಿಯುತ್ತದೆ.

ಹಿಟ್ಟು ತಿಗಣೆ ಹತ್ತಿದರೆ ಪೈಪಿನ ನೀರನ್ನು ರಭಸವಾಗಿ ಬಿಡಿ. ಔಷಧಿ ಹೊಡೆದರೆ ಚಿಟ್ಟೆಯ ಮರಿಗೂ ಅದೇ ಗತಿ, ಬೇವಿನೆಣ್ಣೆಯಾದರೂ ಅಷ್ಟೆ.

ಮರಿ ಎಂದಾಗ ಕರಿಬೇವಿನ ಮಾತು ಬರಲೇಬೇಕು. ಆ ಕಪ್ಪು ಚಿಟ್ಟೆ ಮೊಟ್ಟೆಯಿಡುವ ಗಿಡಗಳಲ್ಲಿ ಅದೂ ಒಂದು. ಎಲೆಯ ಮೇಲೆ ಹಕ್ಕಿ ಹಿಕ್ಕೆಯಂತೆ ಬಿದ್ದಿರುವುದನ್ನು ಒರೆಸಹೋಗಬೇಡಿ, ಅದೇ ಎಳೆಯ ಹುಳ. ಬಲಿತ ಮೇಲೆ ಹಸಿರಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕವಲು ಕೊಂಬು ಹೊರಬಂದು ಘಾಟು ವಾಸನೆ. ನಾಲ್ಕು ಹುಳ ಸೇರಿದರೆ ಸಣ್ಣ ಗಿಡ ಬೋಳು. ಒಗ್ಗರಣೆಯವರಿಗೆ ಬೇರೆ ಗಿಡ ನೆಟ್ಟು, ಅದಕ್ಕೊಂದು ಹಳೇ ಸೊಳ್ಳೆ ಪರದೆ ಹೊದಿಸಿ.