ಕಂಪನಿಗೆ ವಿನಾಯಿತಿ, ಕಂಬ ನೆಟ್ಟವನಿಗೆ ನೋಟಿಸು

ಸೇವಾ ತೆರಿಗೆ 2017ರ ಜುಲೈ 1ಕ್ಕೆ ಜಿಎಸ್‌ಟಿಯೊಳಗೆ ಕರಗಿ ಹೋಯಿತು ಎಂದು ಯಾರಾದರೂ ಹೇಳಿದರೆ ಅವರನ್ನು ಅಥಣಿಗೆ ಕಳುಹಿಸಿ, ವಿದ್ಯುತ್ ಗುತ್ತಿಗೆದಾರನಾದ ನನ್ನ ಮೇಜಿನ ಮೇಲಿರುವ ಸೇವಾ ತೆರಿಗೆ ಆದೇಶವನ್ನು ತೋರಿಸುತ್ತೇನೆ. 2015-16ನೇ ಸಾಲಿನಲ್ಲಿ ಹಳ್ಳಿಗಳಿಗೆ 11 ಕೆವಿ ಲೈನ್ ಎಳೆದು, ಟಿಸಿ (ಟ್ರಾನ್ಸ್‌ಫಾರ್ಮರ್) ಕೂರಿಸಿ, ಪಂಪ್‌ಸೆಟ್‌ಗಳಿಗೆ ಸಂಪರ್ಕ ಕೊಟ್ಟ ತಪ್ಪಿಗೆ ತೆರಿಗೆ, ಅದರ ಮೇಲೆ ಬಡ್ಡಿ, ಸಾಲದೆಂಬಂತೆ ತೆರಿಗೆಯಷ್ಟೇ ದಂಡ!

ನನ್ನನ್ನು ಹುಡುಕಲು ತೆರಿಗೆ ಅಧಿಕಾರಿಗಳು ಕಷ್ಟಪಟ್ಟಿಲ್ಲ. ನನಗೆ ಕೆಲಸ ಕೊಟ್ಟ ವಿದ್ಯುತ್ ಕಂಪನಿ ನನ್ನ ಬಿಲ್ಲುಗಳಲ್ಲಿ ಮುಂಗಡವಾಗಿ ಹಿಡಿದ ಆದಾಯ ತೆರಿಗೆ (ಟಿಡಿಎಸ್), ಆದಾಯ ತೆರಿಗೆ ಇಲಾಖೆಯ 26ಎಎಸ್ ನಮೂನೆಯಲ್ಲಿತ್ತು. ಅಲ್ಲಿಂದ ಒಟ್ಟು ಮೊತ್ತ ಎತ್ತಿಕೊಂಡು ಇಡಿಯಾಗಿ ತೆರಿಗೆ ಜಡಿದರು. ಸಾಮಗ್ರಿ ಸಮೇತ ಮಾಡಿದ ಹೊಸ ಕಾಮಗಾರಿಯಾದರೆ ಮೊತ್ತದ ಶೇ 40ರ ಮೇಲೆ ಮಾತ್ರ ಲೆಕ್ಕ ಹಾಕಬಹುದು ಎನ್ನುವುದು ಅವರದೇ ನಿಯಮವಾಗಿತ್ತು. ಕಂಬ, ಕಂಡಕ್ಟರ್, ಇನ್ಸುಲೇಟರ್ ಎಲ್ಲವನ್ನೂ ನಾನು ವ್ಯಾಟ್ ಕೊಟ್ಟು ಕೊಂಡಿದ್ದೆ. ಸಿಮೆಂಟ್ ಕಂಬದ ಬೆಲೆ ಯಾವ ಸೀಮೆಯ ಸೇವೆ?

ವಿನಾಯಿತಿಯ ಕಥೆಯಂತೂ ಇನ್ನೂ ಸೊಗಸು. 2010ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ವಿದ್ಯುತ್ ಪ್ರಸರಣಕ್ಕಾಗಿ ಯಾರೇ ಸೇವೆ ಕೊಟ್ಟರೂ ತೆರಿಗೆ ಬೇಡವೆಂದಿತು. ಜೂನ್‌ನಲ್ಲಿ ವಿತರಣೆಗೂ ವಿನಾಯಿತಿ ಬಂತು, ಆದರೆ ವಿತರಣೆಯ ಪರವಾನಗಿ ಅಥವಾ ಅಧಿಕಾರ ಉಳ್ಳವರಿಗೆ ಮಾತ್ರ. ಜುಲೈನಲ್ಲಿ ಎರಡಕ್ಕೂ ಹಳೆಯ ಬಾಕಿ ಮನ್ನಾ. ಇದರ ನಡುವೆ ಮೇ ತಿಂಗಳ ಒಂದು ಸುತ್ತೋಲೆಯ ಪ್ರಕಾರ ಉಪಕೇಂದ್ರಗಳ ನಡುವೆ ಕೇಬಲ್ ಹಾಕಿದರೆ ತೆರಿಗೆ ಇಲ್ಲ, ಆ ಕೇಬಲ್ ಹೋಗಿ ಸೇರುವ ಟ್ರಾನ್ಸ್‌ಫಾರ್ಮರ್ ಕೂರಿಸಿದರೆ ತೆರಿಗೆ ಇದೆ. ಆಳುಗಳು ಅವರೇ, ಕ್ರೇನೂ ಅದೇ. ಇದನ್ನು ಬರೆದವರು ಒಮ್ಮೆಯಾದರೂ ಲೈನ್ ಕೆಲಸ ನೋಡಿದ್ದರೋ ಇಲ್ಲವೋ!

2012ರ ಜುಲೈ 1ರಿಂದ ನಕಾರಾತ್ಮಕ ಪಟ್ಟಿ (ಸೇವಾ ತೆರಿಗೆ ಬೀಳದ ಸೇವೆಗಳ ಪಟ್ಟಿ) ಜಾರಿಯಾದಾಗ ವಿದ್ಯುತ್ ಪ್ರಸರಣ, ವಿತರಣೆ ಮಾಡುವ ಸಂಸ್ಥೆ ತೆರಿಗೆಯ ಹೊರಗೆ ಉಳಿಯಿತು. ಅದಕ್ಕಾಗಿ ಬಿಸಿಲಲ್ಲಿ ಗುಂಡಿ ತೋಡುವವನು ಒಳಗೆ ಬಿದ್ದ. ಟೆಂಡರ್ ಕರೆದವರಿಗೆ ಇದು ಗೊತ್ತಿರಲಿಲ್ಲವೇ? ಅವರ ಎಸ್ಟಿಮೇಟಿನಲ್ಲಿ ಸೇವಾ ತೆರಿಗೆಗೆ ಒಂದು ಸಾಲೂ ಇರಲಿಲ್ಲ. ಕೇಳಿದಾಗ "ನಮ್ಮ ಕೆಲಸಕ್ಕೆ ಅದು ಅನ್ವಯಿಸುವುದಿಲ್ಲ ಬಿಡಿ" ಎಂದವರೇ, ಇಂದು ಅದನ್ನು ಬರೆದು ಕೊಡಿ ಎಂದರೆ ಟೆಂಡರ್ ಷರತ್ತು ತೋರಿಸಿ "ನಿಮ್ಮ ತೆರಿಗೆ ನಿಮ್ಮ ಜವಾಬ್ದಾರಿ" ಎನ್ನುತ್ತಾರೆ.

ದಾಖಲೆ ತನ್ನಿ ಎನ್ನುತ್ತದೆ ತೆರಿಗೆ ಕಚೇರಿ. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ನದಿದಂಡೆಯ ಊರುಗಳು ಮುಳುಗಿದಾಗ ನನ್ನ ಕಡತಗಳೂ ನೀರುಪಾಲಾದವು. ಮಾಡಿದ ಕೆಲಸದ ಅಳತೆ ಬರೆದಿಡುವ ಅಳತೆ ಪುಸ್ತಕ ಕಂಪನಿಯ ಕಪಾಟಿನಲ್ಲಿ ಭದ್ರವಾಗಿದೆ. ಅದರ ನಕಲು ಕೊಡಲು ಒಬ್ಬರು ಇನ್ನೊಬ್ಬರ ಕಡೆಗೆ ಬೆರಳು ತೋರಿಸುತ್ತಾರೆ, ಆ ಇನ್ನೊಬ್ಬರು ರಜೆಯಲ್ಲಿರುತ್ತಾರೆ.

ನನ್ನ ಹೊಟ್ಟೆ ಉರಿಸಿದ್ದು ಇದಾವುದೂ ಅಲ್ಲ. ನನ್ನಂತೆ ಒಬ್ಬನೇ ಮಾಲೀಕನಾಗಿರುವ ಗುತ್ತಿಗೆದಾರನು ಕಂಪನಿಯೊಂದಕ್ಕೆ ಸಾಮಗ್ರಿ ಸಮೇತ ಕಾಮಗಾರಿ ಮಾಡಿಕೊಟ್ಟರೆ, ಸೇವಾ ತೆರಿಗೆಯ ಅರ್ಧವನ್ನು ಕೆಲಸ ಮಾಡಿಸಿಕೊಂಡ ಕಂಪನಿಯೇ ನೇರವಾಗಿ ಸರ್ಕಾರಕ್ಕೆ ಕಟ್ಟಬೇಕೆಂದು 2012ರ ಅಧಿಸೂಚನೆಯಲ್ಲೇ ಇತ್ತು. ಬೆಳಗಾವಿಯ ನಮ್ಮ ಲೆಕ್ಕಪರಿಶೋಧಕರು ಆ ಸಾಲಿನ ಕೆಳಗೆ ಗೆರೆ ಎಳೆದು ತೋರಿಸಿದಾಗ ನನಗೆ ಮಾತೇ ಹೊರಡಲಿಲ್ಲ. ಕಂಪನಿಯ ಪಾಲನ್ನೂ ಸೇರಿಸಿ ನನ್ನ ತಲೆಗೆ ಕಟ್ಟಿದ್ದಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ನನಗೆ ಅಷ್ಟು ದೊಡ್ಡ ಆದೇಶ ಬರೆದ ಅಧಿಕಾರಿಗೆ ಆ ಕಂಪನಿಗೆ ಒಂದು ಪತ್ರ ಬರೆಯಲು ಕೈಬರಲಿಲ್ಲವೇ?

ಮೇಲ್ಮನವಿ ಹಾಕಬೇಕಾದರೂ ಮೊದಲು ತೆರಿಗೆಯ ಶೇ 7.5 ಕಟ್ಟಬೇಕು. ಮುಗಿದ ಕೆಲಸದ ಬಿಲ್ಲುಗಳು ಅದೇ ಕಂಪನಿಯಲ್ಲಿ ಬಾಕಿ ಇರುವಾಗ ಸಾಲ ಮಾಡಿ ಕಟ್ಟುತ್ತಿದ್ದೇನೆ. ಕಂಪನಿ ಕಟ್ಟಬೇಕಿದ್ದ ಅರ್ಧ ಎಲ್ಲಿ ಎಂದು ಮೇಲ್ಮನವಿಯ ಮೊದಲ ಪುಟದಲ್ಲೇ ಕೇಳಿದ್ದೇನೆ.