ಬೆಂಗಳೂರಲ್ಲಿ ಮತ್ತೆ ಜೀವ ಬಂದ ಬಾಂಬರ್‌ಗಳು

ಅಮೆರಿಕದ ಟೂಸಾನ್‌ನಲ್ಲಿರುವ ಪೀಮಾ ಮ್ಯೂಸಿಯಂನಲ್ಲಿ ಎರಡನೇ ಮಹಾಯುದ್ಧದ ಕಾಲದ ಬಿ-24 ಲಿಬರೇಟರ್ ಬಾಂಬರ್ ಒಂದಿದೆ. ನಾಲ್ಕು ಎಂಜಿನ್, ರೆಕ್ಕೆ ಈ ತುದಿಯಿಂದ ಆ ತುದಿಗೆ 110 ಅಡಿ. ಅದಕ್ಕೆ ‘ಬಂಗೇ ಬಕರೂ’ ಅಂತ ಹೆಸರಿಟ್ಟಿದ್ದಾರೆ. ಬಂಗೇ ಇಂಗ್ಲೆಂಡಿನ ಊರು. ಅಮೆರಿಕದ 446ನೇ ಬಾಂಬರ್ ದಳ ಜರ್ಮನಿ ಮೇಲೆ ದಾಳಿಗೆ ಹೊರಡುತ್ತಿದ್ದದ್ದು ಅಲ್ಲಿಂದ. ವಿಮಾನಕ್ಕೆ ಬಳಿದಿರೋ ಬಣ್ಣವೂ ಆ ದಳದ್ದೇ. ಆದರೆ ಈ ವಿಮಾನ ಆ ದಳದ್ದೇ ಅಲ್ಲ! ಇದು ಬ್ರಿಟಿಷರ ಕೈಗೆ ಬಂದು, ಆಮೇಲೆ ನಮ್ಮ ವಾಯುಪಡೆ ಸೇರಿ, 1969ರಲ್ಲಿ ಇಲ್ಲಿಂದ ಅಮೆರಿಕಕ್ಕೆ ಹೋದದ್ದು.

ನನ್ನ ತಕರಾರು ಇರೋದು ಇಲ್ಲೇ.

ಅಮೆರಿಕ ಯುದ್ಧಕ್ಕೆಂದು ಬ್ರಿಟಿಷರಿಗೆ ವಿಮಾನ ಕೊಟ್ಟಾಗ ಒಂದು ಷರತ್ತಿತ್ತು. ಯುದ್ಧ ಮುಗಿದ ಮೇಲೆ ವಾಪಸ್ ಕೊಡಬೇಕು, ಇಲ್ಲ ನಾಶ ಮಾಡಬೇಕು. ಹಾಗಾಗಿ ಬ್ರಿಟಿಷರು ಕಾನ್ಪುರದಲ್ಲಿ ಸಾಲು ಸಾಲು ಲಿಬರೇಟರ್‌ಗಳನ್ನು ಮತ್ತೆ ಹಾರದ ಹಾಗೆ ಹಾಳು ಮಾಡಿ ಬಿಟ್ಟುಹೋದರು. ಸ್ವಾತಂತ್ರ್ಯ ಬಂದಾಗ ನಮ್ಮ ಹತ್ತಿರ ದೊಡ್ಡ ಬಾಂಬರ್ ಇರಲಿಲ್ಲ, ಕೊಳ್ಳೋಕೆ ದುಡ್ಡೂ ಅಷ್ಟಕ್ಕಷ್ಟೇ. ಆಗ ನೆನಪಾದದ್ದು ಬೆಂಗಳೂರಿನ ನಮ್ಮ ವಿಮಾನ ಕಾರ್ಖಾನೆ ಎಚ್‌ಎಎಲ್. ಯುದ್ಧದ ಕಾಲದಲ್ಲಿ ಅಮೆರಿಕನ್ನರ ವಿಮಾನಗಳನ್ನು ರಿಪೇರಿ ಮಾಡಿ ಪಳಗಿದ ಕೈಗಳು ಅಲ್ಲಿದ್ದವು. ಕಾನ್ಪುರದಲ್ಲಿ ಹಾರುವಷ್ಟರ ಮಟ್ಟಿಗೆ ಸರಿಮಾಡಿ, ಎಚ್‌ಎಎಲ್ ಪೈಲಟ್ ಜಮ್‌ಶೆಡ್ ಮುನ್ಷಿ ಅವುಗಳನ್ನು ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಪೂರ್ತಿ ರಿಪೇರಿ ಆಗಿದ್ದು ಇಲ್ಲಿ. ಆ ಮೊದಲ ಹಾರಾಟಕ್ಕೆ ಎಷ್ಟು ಗಟ್ಟಿ ಗುಂಡಿಗೆ ಬೇಕಿತ್ತೋ, ಯೋಚನೆ ಮಾಡಿ.

1948ರ ನವೆಂಬರ್‌ನಲ್ಲಿ ಈ ವಿಮಾನಗಳೊಂದಿಗೇ ವಾಯುಪಡೆಯ 5ನೇ ಸ್ಕ್ವಾಡ್ರನ್ ಶುರುವಾಯಿತು. ಕೊನೆಕೊನೆಗೆ ಈ ವಿಮಾನಗಳು ಸಮುದ್ರದ ಮೇಲೆ ಕಣ್ಣಿಡೋ ಕೆಲಸ ಮಾಡಿ, 1968ರಲ್ಲಿ ನಿವೃತ್ತಿಯಾದವು. ಅಮೆರಿಕ 18 ಸಾವಿರಕ್ಕೂ ಜಾಸ್ತಿ ಲಿಬರೇಟರ್ ಕಟ್ಟಿತ್ತು, ಬಹುತೇಕ ಎಲ್ಲ ಗುಜರಿಗೆ ಹೋದವು. ಹಾಗಾಗಿ ಮ್ಯೂಸಿಯಂಗಳಿಗೆ ಒಂದು ಲಿಬರೇಟರ್ ಬೇಕು ಅನ್ನಿಸಿದಾಗ ನಮ್ಮ ಬಾಗಿಲಿಗೇ ಬರಬೇಕಾಯಿತು. ಬ್ರಿಟನ್ನಿನ ವಾಯುಪಡೆ (ಆರ್‌ಎಎಫ್) ಮ್ಯೂಸಿಯಂನದು 1974ರಲ್ಲಿ ಇಲ್ಲಿಂದಲೇ ಹೋಯಿತು, ಕೆನಡಾದವರು ಒಂದು ಲೈಸಾಂಡರ್ ವಿಮಾನ ಕೊಟ್ಟು ಬದಲಿಗೆ ಲಿಬರೇಟರ್ ಒಯ್ದರು. ಬಿಸಾಡಿದವರೇ ವಾಪಸ್ ಕೇಳಿಕೊಂಡು ಬಂದರು ಅಂದ್ರೆ ಮಜಾ ಅಲ್ವಾ? ದೆಹಲಿಯ ಪಾಲಂ ಮ್ಯೂಸಿಯಂನಲ್ಲೂ ಒಂದಿದೆ.

“ರಿಪೇರಿ ಮಾಡಿದ್ದು ತಾನೇ, ಕಟ್ಟಿದ್ದು ಅಮೆರಿಕ” ಅನ್ನಬಹುದು. ಸರಿ, ಕಟ್ಟಿದವರ ಹೆಸರು ಇರಲಿ. ಆದರೆ ಎರಡು ದಶಕ ದುಡಿಸಿ ಉಳಿಸಿದವರ ಬಣ್ಣ ಅಳಿಸಿ, ಅದು ಯಾವತ್ತೂ ಸೇರದ ದಳದ ಬಣ್ಣ ಬಳಿಯೋದು ಇತಿಹಾಸ ಅಲ್ಲ, ಸುಮ್ನೆ ವೇಷ. ಒಂದು ಪಕ್ಕೆಗಾದರೂ ನಮ್ಮ ವಾಯುಪಡೆಯ ಚಕ್ರದ ಗುರುತು ಹಾಕಲಿ.

ಅವರನ್ನಷ್ಟೇ ಯಾಕೆ ಅನ್ನಬೇಕು? ಎಚ್‌ಎಎಲ್ ಮುಂದೆ ದಿನಾ ಟ್ರಾಫಿಕ್‌ನಲ್ಲಿ ನಿಲ್ಲೋ ನಮ್ಮಲ್ಲೇ ಎಷ್ಟು ಜನಕ್ಕೆ ಈ ಕಥೆ ಗೊತ್ತು? ನಿಮ್ಮ ಮನೆಯಲ್ಲಿ ಆ ಕಾಲದಲ್ಲಿ ಫ್ಯಾಕ್ಟರಿಗೆ ಹೋಗುತ್ತಿದ್ದ ತಾತ ಇದ್ದರೆ, ಹಳೇ ಫೋಟೋ, ಪಾಸು ಏನಿದ್ದರೂ ಗುಜರಿಗೆ ಹಾಕಬೇಡಿ. ಅವರು ಯಾವ ವಿಭಾಗದಲ್ಲಿದ್ದರು, ಏನು ಕೆಲಸ ಮಾಡುತ್ತಿದ್ದರು ಅಂತ ಬರೆದಿಡಿ. ಪೈಲಟ್ ಹೆಸರು ಹೇಗೋ ಉಳಿದಿದೆ, ಸ್ಪ್ಯಾನರ್ ಹಿಡಿದವರದ್ದು ಉಳಿದಿಲ್ಲ.